‘ಹವೆ ಒಗ್ಗದು’ ಎಂಬ ಸುಲಭ ಉತ್ತರ

ಆಸ್ಟ್ರೇಲಿಯದಲ್ಲಿ ಸ್ವಾಭಾವಿಕವಾಗಿ ಒಂಟೆಗಳಿಲ್ಲ, ಏಕೆ? ‘ಹವೆ ಒಗ್ಗದು’ ಎನ್ನುವಿರಾ? ತರಗತಿಯ ಗೋಡೆಗೆ ತೂಗುಹಾಕುವ ಪ್ರಾಣಿ ಭೂಪಟವೂ ಹಾಗೆಯೇ ನಂಬಿಸುತ್ತದೆ: ಅರೇಬಿಯದ ಮರಳಿನ ಮೇಲೆ ಒಂಟೆಯ ಚಿತ್ರ. ಚಿತ್ರ ಸರಿ, ಅದು ಸೂಚಿಸುವ ಕಾರಣ ತಪ್ಪು.

1840ರಲ್ಲಿ ಮೊದಲ ಒಂಟೆ ಹಡಗಿನಲ್ಲಿ ಆಸ್ಟ್ರೇಲಿಯ ತಲಪಿತು. 1860ರ ದಶಕದಿಂದ ಸಾವಿರಾರು ಒಂಟೆಗಳು ಸರಕು ಹೊರಲು ಬಂದವು, ಬಹುಪಾಲು ನಮ್ಮ ಉಪಖಂಡದಿಂದಲೇ. ಮೋಟಾರು ಬಂದಾಗ ಬಿಟ್ಟುಬಿಟ್ಟ ಒಂಟೆಗಳು ಕಾಡುಪಾಲಾಗಿ, ಸಂಖ್ಯೆ ಬೆಳೆದು ಈಗ ಪಿಡುಗಾಗಿವೆ. ಹವೆ ಚೆನ್ನಾಗಿಯೇ ಒಗ್ಗಿತಲ್ಲ! ಇಲ್ಲದಿದ್ದುದು ದಾರಿ. ಹಿಮಯುಗಗಳಲ್ಲಿ ಸಮುದ್ರಮಟ್ಟ ಇಳಿದಾಗಲೂ ಏಷ್ಯಾ ಮತ್ತು ಆಸ್ಟ್ರೇಲಿಯಗಳ ನಡುವೆ ಆಳವಾದ ನೀರು ಉಳಿದೇ ಇತ್ತು.

ಒಂಟೆಯ ತವರು ಅರೇಬಿಯವಲ್ಲ, ಉತ್ತರ ಅಮೆರಿಕ! ವಂಶ ಅಲ್ಲಿ ಹುಟ್ಟಿದ್ದು 4 ಕೋಟಿ ವರ್ಷಗಳಿಗೂ ಹಿಂದೆ. ಸುಮಾರು 70 ಲಕ್ಷ ವರ್ಷಗಳ ಹಿಂದೆ ಒಂದು ಕವಲು ಬೇರಿಂಗ್ ಭೂಸೇತುವೆಯ ಮೂಲಕ ಏಷ್ಯಾಕ್ಕೆ ದಾಟಿತು. ಇನ್ನೊಂದು ದಕ್ಷಿಣ ಅಮೆರಿಕಕ್ಕಿಳಿದು ಲಾಮಾ ಆಯಿತು. ತವರಿನಲ್ಲಿ ಉಳಿದವು ಕಳೆದ ಹಿಮಯುಗದ ಕೊನೆಯಲ್ಲಿ ಅಳಿದವು. ಹವಾಬದಲಾವಣೆಯೋ ಬೇಟೆಯೋ, ಚರ್ಚೆ ನಡೆದಿದೆ.

ಭೂಪಟದಲ್ಲಿ ಎರಡು ಖಂಡಗಳೂ ಒಂದೇ ರೀತಿ ಖಾಲಿ. ಒಂದಕ್ಕೆ ಒಂಟೆ ತಲಪಲೇ ಇಲ್ಲ, ಇನ್ನೊಂದರಲ್ಲಿ ಹುಟ್ಟಿ ಅಳಿಯಿತು. ಶಿಕ್ಷಕರೇ, ಮುಂದಿನ ಪಾಠದಲ್ಲಿ ‘ಎಲ್ಲಿದೆ?’ ಎಂದಷ್ಟೇ ಕೇಳದೆ ‘ಬರಲಿಲ್ಲವೋ, ಇದ್ದು ಹೋಯಿತೋ?’ ಎಂದೂ ಕೇಳಿನೋಡಿ.