ಮಲ್ಲಿತಮ್ಮ ಒಬ್ಬನೇ? ರೂವಾರಿಗಳ ಅಂಕಿತಗಳ ಓದನ್ನು ಕುರಿತು

ಹೊಯ್ಸಳ ಶಿಲ್ಪಗಳ ಪೀಠದ ಮೇಲಿನ ಅಂಕಿತಗಳನ್ನು ಕುರಿತ ನಮ್ಮ ಬರವಣಿಗೆಯಲ್ಲಿ ಹೆಸರಿನ ಏಕತೆಯನ್ನೇ ವ್ಯಕ್ತಿಯ ಏಕತೆಯೆಂದು ಗ್ರಹಿಸುವ ರೂಢಿ ಬೇರೂರಿದೆ. 1196ರ ಅಮೃತಾಪುರದಲ್ಲಿಯೂ 13ನೆಯ ಶತಮಾನದ ನಡುಭಾಗದ ಸೋಮನಾಥಪುರದಲ್ಲಿಯೂ ‘ಮಲ್ಲಿತಮ್ಮ’ ದೊರೆಯುತ್ತಾನೆ. ಅಷ್ಟರಿಂದಲೇ ಅರುವತ್ತು ವರ್ಷಗಳಿಗೂ ಮಿಕ್ಕಿ ದುಡಿದ ಒಬ್ಬ ಶಿಲ್ಪಿಯ ಚರಿತ್ರೆ ಸಿದ್ಧವಾಗುತ್ತದೆ. ಇದು ಅಸಾಧ್ಯವಲ್ಲ; ಆದರೆ ಸಾಧಿತವೂ ಅಲ್ಲ.

ರೋಮನ್ ಮಡಕೆಗಳ ಮುದ್ರೆಗಳನ್ನು ಓದುವವರು ಇದೇ ತೊಡಕನ್ನು ಎದುರಿಸಿದ್ದಾರೆ. ಹಾರ್ಟ್ಲಿ ಮತ್ತು ಡಿಕಿನ್ಸನ್ ಅವರ ಸಂಪುಟಗಳು (2008–2012) ಒಂದೇ ಹೆಸರಿನ ಕುಂಬಾರರನ್ನು ಸಂಖ್ಯೆಯಿಂದ ಬೇರ್ಪಡಿಸಿ, ಒಂದೊಂದು ಅಚ್ಚನ್ನೂ ಪ್ರತ್ಯೇಕವಾಗಿ ಗುರುತಿಸುತ್ತವೆ. ಅಲ್ಲಿ ಮೂಲ ಘಟಕ ಅಚ್ಚು, ಹೆಸರಲ್ಲ. ವಿಭಕ್ತಿಯೂ ಅಲ್ಲಿ ಸಾಕ್ಷಿ. ವೀಲರ್ 1945ರಲ್ಲಿ ಅರಿಕಮೇಡುವಿನಲ್ಲಿ ಕಂಡ ಅರೆಟೈನ್ ಚೂರುಗಳ ‘ವಿಬಿಇ’, ‘ಕಮುರಿ’ ಎಂಬ ಮುದ್ರೆಗಳು ಷಷ್ಠಿಯಲ್ಲಿವೆ: ವಿಬಿಯುಸನದು, ಕಮುರಿಯುಸನದು. ಅವು ಕಾರ್ಯಾಗಾರದ ಒಡೆಯನ ಹೆಸರುಗಳೋ, ತಿಗರಿಯ ಮುಂದೆ ಕುಳಿತವನವೋ ಎಂಬ ಪ್ರಶ್ನೆಯನ್ನು ರೂಪವೇ ಎಬ್ಬಿಸುತ್ತದೆ.

ಕನ್ನಡದ ಅಂಕಿತಕ್ಕೆ ಅಚ್ಚಿನ ನೆರವಿಲ್ಲ. ಪ್ರತಿಯೊಂದೂ ಉಳಿಯಿಂದ ಹೊಸದಾಗಿ ಕೊರೆದದ್ದು. ಬಿಂದುವಿಲ್ಲದ ಬರಿಯ ‘ಮಲ್ಲಿತಮ್ಮ’ವನ್ನು ಪ್ರಥಮೆಯೆಂದೇ ಓದಬೇಕೆಂಬ ನಿರ್ಬಂಧವೂ ಇಲ್ಲ. ಅದು ಕೇವಲ ಪ್ರಕೃತಿರೂಪದ ಗುರುತಾಗಿರಬಹುದು, ಕೆಲಸದ ಲೆಕ್ಕಕ್ಕೆ ಹಾಕಿದ್ದೂ ಆಗಿರಬಹುದು.

ಇನ್ನೂ ಗಂಭೀರವಾದದ್ದು ಸಂಕ್ಷೇಪಗಳ ವಿಷಯ. ಸೋಮನಾಥಪುರದ ‘ಮಲ್ಲಿ’, ‘ಮ’ ಎಂಬವುಗಳನ್ನು ಮಲ್ಲಿತಮ್ಮನ ಲೆಕ್ಕಕ್ಕೇ ಸೇರಿಸುತ್ತೇವೆ. ಅದೇ ಗುಡಿಯಲ್ಲಿ ಮಸಣಿತಮ್ಮನೂ ದುಡಿದಿದ್ದಾನೆ! ಒಂಟಿ ‘ಮ’ಕಾರ ಅವನದಲ್ಲವೆಂದು ಹೇಳಲು ಅಕ್ಷರದ ಮಾಟವನ್ನು ಹೋಲಿಸಬೇಕು, ಶೈಲಿಯಿಂದ ಹೆಸರನ್ನು, ಹೆಸರಿನಿಂದ ಶೈಲಿಯನ್ನು ಸಾಧಿಸಿದರೆ ಅದು ಚಕ್ರಕ ದೋಷ. ಎರಡು ಹೆಸರುಗಳಲ್ಲಿಯೂ ಇರುವ ‘ತಮ್ಮ’ ಎಂಬ ಉತ್ತರಪದವು ಈ ನಾಮರಚನೆ ಬಳಕೆಯಲ್ಲಿದ್ದುದನ್ನು ತೋರಿಸುತ್ತದೆ; ಎಂದರೆ ಮತ್ತೊಬ್ಬ ಮಲ್ಲಿತಮ್ಮ ಇದ್ದಿರುವುದು ಅಚ್ಚರಿಯಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ಚಿಕ್ಕೋಡಿಯ ಸುತ್ತಿನ ಕರೋಶಿಯಂಥ ಊರುಗಳಲ್ಲಿ ಇಂದಿಗೂ ಉಂಟು. ಅರುವತ್ತು ವರ್ಷಗಳ ಅಂತರಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ.

ಬೇಲೂರಿನ ದಾಸೋಜನ ಸ್ಥಿತಿ ಬೇರೆ. ಅವನಿಗೆ ಬಳ್ಳಿಗಾವೆಯೆಂಬ ಊರಿದೆ, ಚಾವಣನೆಂಬ ಮಗನಿದ್ದಾನೆ. ‘ಓಜ’ ಪ್ರತ್ಯಯವು ಕುಶಲಿಗರಲ್ಲಿ ಸಾಮಾನ್ಯವಾದರೂ ಊರು, ಮಗ ಎರಡೂ ಕೂಡಿದಾಗ ವ್ಯಕ್ತಿ ನಿಲ್ಲುತ್ತಾನೆ. ಮಲ್ಲಿತಮ್ಮನಿಗೆ ಅಂಥ ಆಧಾರ ದೊರೆಯುವವರೆಗೆ ಪಟ್ಟಿಗಳಲ್ಲಿ ಅಮೃತಾಪುರದವನನ್ನೂ ಸೋಮನಾಥಪುರದವನನ್ನೂ ಬೇರೆಬೇರೆಯಾಗಿ ನಮೂದಿಸಿ, ಒಂಟಿ ‘ಮ’ಗಳನ್ನು ಯಾರಿಗೂ ಸೇರಿಸದೆ ಇಡುವುದು ಲೇಸು.