ಸೀಮೆ ದಾಟಿದ ವಿದ್ಯೆ, ಹೊಸಿಲೊಳಗಿನ ಕಥೆ

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯವರಿಗೆ ನಾಟಕವೆಂದರೆ ಕಲಿಯುವ ವಿದ್ಯೆಗಿಂತ ಹೆಚ್ಚಾಗಿ ನೋಡುವ ಹಬ್ಬ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಕಂಪನಿಯ ಟೆಂಟು ಏಳುತ್ತದೆ. ಟೆಂಟು ಬಾರದ ಹಳ್ಳಿಯಲ್ಲಿ ಊರ ಹುಡುಗರೇ ಪೇಟಿ ಮಾಸ್ತರರೊಬ್ಬರನ್ನು ಕರೆತಂದು, ಹೊಲದ ಕೆಲಸ ಮುಗಿಸಿ ರಾತ್ರಿ ತಾಲೀಮು ನಡೆಸಿ, ಬಯಲಲ್ಲಿ ಸ್ಟೇಜು ಹಾಕಿ, ಬೆಳಗಿನ ಜಾವದವರೆಗೆ ಆಡುತ್ತಾರೆ. ಸ್ತ್ರೀ ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಇಷ್ಟರಲ್ಲಿ ಎಲ್ಲಿಯೂ ಕಾಲೇಜು, ಡಿಗ್ರಿ, ಸರ್ಟಿಫಿಕೇಟು ಎಂಬ ಮಾತೇ ಬರುವುದಿಲ್ಲ. ಹಾಗಿರುವಾಗ ನಾಟಕವನ್ನು ವಿಶ್ವವಿದ್ಯಾಲಯದಲ್ಲಿ ಕೂತು ಕಲಿಯುತ್ತಾರೆ, ಅದಕ್ಕಾಗಿ ಸಮುದ್ರ ದಾಟುತ್ತಾರೆ ಎಂದರೆ ನಮ್ಮವರಿಗೆ ಅರ್ಧ ಬೆರಗು, ಅರ್ಧ ನಗು.

ಆದರೆ ಅಲ್ಲಿಯೂ ಇದು ತುಂಬ ಹಳೆಯ ಪದ್ಧತಿಯೇನಲ್ಲ. ಶೇಕ್ಸ್‌ಪಿಯರ್ ಹುಟ್ಟಿದ ಇಂಗ್ಲೆಂಡಿನಲ್ಲಿಯೇ ವಿಶ್ವವಿದ್ಯಾಲಯವೊಂದು ನಾಟಕಕ್ಕೆಂದು ಪ್ರತ್ಯೇಕ ವಿಭಾಗ ತೆರೆದದ್ದು 1947ರಲ್ಲಿ, ಬ್ರಿಸ್ಟಲ್ ನಗರದಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ. ಅದಕ್ಕೂ ಮೊದಲು ನಟನೆ ಕಲಿಸುವ ಶಾಲೆಗಳಿದ್ದವು. ಲಂಡನ್ನಿನ ಪ್ರಸಿದ್ಧ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಆರಂಭವಾದದ್ದು 1904ರಲ್ಲಿ. ಇಂಥ ಶಾಲೆಯಲ್ಲಿ ಮುಖ್ಯವಾಗಿ ಧ್ವನಿ, ನಡಿಗೆ, ಮೈಯ ಹದ ಕಲಿಸುತ್ತಾರೆ. ವಿಶ್ವವಿದ್ಯಾಲಯದಲ್ಲಿ ಪ್ರಯೋಗದ ಜೊತೆಗೆ ಇನ್ನೊಂದು ವಿಚಾರ ಸೇರುತ್ತದೆ: ಈ ನಾಟಕ ಯಾವ ಕಾಲದಲ್ಲಿ, ಯಾರಿಗಾಗಿ, ಯಾಕೆ ಹುಟ್ಟಿತು, ಇಂದು ಆಡುವುದಾದರೆ ಹೇಗೆ? ನಮ್ಮ ಹೆಣ್ಣುಮಕ್ಕಳಿಗೆ ತಿಳಿಯುವಂತೆ ಹೇಳುವುದಾದರೆ, ಊಟ ಮಾಡುವುದು ಒಂದು, ಅಡುಗೆ ಮಾಡುವುದು ಇನ್ನೊಂದು, ಈ ಅಡುಗೆ ಈ ಊರಲ್ಲಿ ಹೀಗೇಕಾಯಿತು ಎಂದು ತಿಳಿಯುವುದು ಮತ್ತೊಂದು. ಈ ಮೂರನೆಯದನ್ನು ಅರಸಿ ದೂರ ಹೋದವರು ನಮಗೆ ಏನು ತಂದುಕೊಟ್ಟರು ಎಂಬುದೇ ನನ್ನ ಪ್ರಶ್ನೆ.

ಮೊದಲು ನೆನಪಾಗುವವರು ಟಿ.ಪಿ. ಕೈಲಾಸಂ. ಅವರು ಲಂಡನ್ನಿಗೆ ಹೋದದ್ದು ಭೂವಿಜ್ಞಾನ ಕಲಿಯಲು. ಕಲ್ಲು ಮಣ್ಣಿನ ಶಾಸ್ತ್ರವನ್ನು ಕಲಿತರು, ಅದರ ಜೊತೆಗೆ ಅಲ್ಲಿಯ ನಾಟಕಗಳನ್ನು ಕಣ್ತುಂಬ ನೋಡಿದರು. ಹಿಂದಿರುಗಿ ಬಂದು 1918ರ ಹೊತ್ತಿಗೆ ಕನ್ನಡಕ್ಕೆ ಕೊಟ್ಟದ್ದು 'ಟೊಳ್ಳುಗಟ್ಟಿ'. ಅದರಲ್ಲಿ ರಾಜನಿಲ್ಲ, ಕಿರೀಟವಿಲ್ಲ. ಒಂದು ಮನೆ, ಕಾಯಿಲೆಯ ತಾಯಿ, ಪರೀಕ್ಷೆಯ ಅಂಕವನ್ನೇ ದೇವರೆಂದು ನಂಬಿದ ತಂದೆ, ಇಬ್ಬರು ಗಂಡುಮಕ್ಕಳು. ಓದಿನಲ್ಲಿ ಮುಂದಿದ್ದವನು ಕಷ್ಟಕಾಲಕ್ಕೆ ಟೊಳ್ಳಾಗಿ, ದಡ್ಡನೆನಿಸಿಕೊಂಡವನು ಗಟ್ಟಿಯಾಗಿ ನಿಲ್ಲುತ್ತಾನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಶಾಲೆಯ ಅಂಗಳದಲ್ಲಿ ತಂದೆತಾಯಿಗಳ ಮುಖ ನೋಡುವಾಗ ನನಗೆ ಪ್ರತಿ ವರ್ಷವೂ ಈ ನಾಟಕ ನೆನಪಾಗುತ್ತದೆ. ಲಂಡನ್ನಿನ ರಂಗಮಂದಿರದಲ್ಲಿ ಪಳಗಿದ ಕಣ್ಣು ಊರಿಗೆ ಬಂದು ನಮ್ಮ ನಡುಮನೆಯನ್ನು ಕಂಡಿತು. ಅಲ್ಲಿಯವರೆಗೆ ನಡುಮನೆಯೂ ನಾಟಕಕ್ಕೆ ತಕ್ಕ ಜಾಗವೆಂದು ನಮಗೆ ತೋಚಿರಲಿಲ್ಲ.

ನಮ್ಮ ಬಳ್ಳಾರಿಯ ರಾಘವರೂ ಹೀಗೆ ಹೋಗಿಬಂದವರೇ. ಕಸುಬಿನಿಂದ ವಕೀಲರು, ತೆಲುಗು ಕನ್ನಡ ಎರಡರಲ್ಲೂ ಹೆಸರಾದ ನಟರು. 1920ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡರು. ಗಂಡಸರೇ ಸೀರೆಯುಟ್ಟು ಹೆಣ್ಣಾಗುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಆಡಬೇಕೆಂದು ಒತ್ತಾಯಿಸಿದವರು ಅವರು. ಬಳ್ಳಾರಿಯಲ್ಲಿ ಅವರ ಹೆಸರಿನ ರಾಘವ ಕಲಾಮಂದಿರದ ಮುಂದೆ ಹಾದುಹೋಗುವ ಹೆಣ್ಣುಮಕ್ಕಳು ಈ ಒಂದು ಮಾತನ್ನಾದರೂ ನೆನೆಯಬೇಕು.

ಆಮೇಲಿನ ಕಾಲದಲ್ಲಿ ವಿದೇಶದ ವಿದ್ಯೆ ನಮಗೆ ದೆಹಲಿಯ ಮೂಲಕವೂ ಬಂತು. ಲಂಡನ್ನಿನ ಆ ಅಕಾಡೆಮಿಯಲ್ಲಿ ತರಬೇತಾದ ಇಬ್ರಾಹಿಂ ಅಲ್ಕಾಜಿಯವರು 1962ರಿಂದ 1977ರವರೆಗೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದರು. ಅವರ ಕೈಯಲ್ಲಿ ಕಲಿತವರಲ್ಲಿ ನಮ್ಮ ಬಿ. ಜಯಶ್ರೀ ಒಬ್ಬರು. ಗುಬ್ಬಿ ವೀರಣ್ಣನವರ ಮೊಮ್ಮಗಳು. ಟೆಂಟಿನ ಹಾಡು ರಕ್ತದಲ್ಲಿಯೇ ಇದ್ದವರು. ಶಾಲೆಯ ಶಿಸ್ತು ಸೇರಿದ ಮೇಲೆ ಆ ಹಾಡಿನ ಕಸುವು ಕುಗ್ಗಲಿಲ್ಲ, ಇನ್ನಷ್ಟು ಹರಿತವಾಯಿತು. ಹೆಗ್ಗೋಡಿನ ಕೆ.ವಿ. ಅಕ್ಷರ ಅವರು ದೆಹಲಿಯಲ್ಲಿ ಕಲಿತು, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ರಂಗಕಲೆಯಲ್ಲಿ ಎಂ.ಎ. ಮಾಡಿದರು. ನಾಟಕ ಕಲಿಯಲೆಂದೇ ವಿದೇಶಕ್ಕೆ ಹೋದ ಕನ್ನಡಿಗರಿಗೆ ಇವರು ಒಳ್ಳೆಯ ಉದಾಹರಣೆ. ಕಲಿತವರು ಲಂಡನ್ನಿನಲ್ಲಿ ಉಳಿಯಲಿಲ್ಲ, ಮುಂಬಯಿಗೂ ಹೋಗಲಿಲ್ಲ. ಸಾಗರ ತಾಲ್ಲೂಕಿನ ತಮ್ಮ ಹಳ್ಳಿಗೇ ಮರಳಿ, 1980ರಲ್ಲಿ ಶುರುವಾಗಿದ್ದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಹಳ್ಳಿಯ ಹುಡುಗ ಹುಡುಗಿಯರಿಗೆ ಕಲಿಸಿದರು. ಒಬ್ಬರು ಹೋಗಿಬಂದರೆ ನೂರು ಜನಕ್ಕೆ ಹಂಚುವಷ್ಟು ಬುತ್ತಿ ತರಬಹುದು ಎಂಬುದಕ್ಕೆ ಇದು ಸಾಕ್ಷಿ.

ಗಿರೀಶ ಕಾರ್ನಾಡರದು ಬೇರೆಯೇ ಬಗೆ. ಧಾರವಾಡದಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಓದಿದ್ದು ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಇಂಗ್ಲಿಷಿನಲ್ಲಿ ಕವಿಯಾಗುವ ಕನಸು ಕಂಡಿದ್ದ ತರುಣ ಹೊರಡುವ ಹೊತ್ತಿಗೆ ಬರೆದದ್ದು ಕನ್ನಡದಲ್ಲಿ, ಅದೂ ಮಹಾಭಾರತದ ಕಥೆಯನ್ನು. 1961ರಲ್ಲಿ ಪ್ರಕಟವಾದ 'ಯಯಾತಿ' ಹುಟ್ಟಿದ್ದು ಹಾಗೆ. ಊರು ಬಿಡುವ ಗಳಿಗೆಯಲ್ಲಿಯೇ ಊರಿನ ಕಥೆ ಬಂದು ಸೆರಗು ಹಿಡಿದು ಎಳೆಯಿತು ಅನ್ನಿಸುತ್ತದೆ.

ಇಲ್ಲಿ ಓದುಗ ಸೋದರಿಯರಿಗೆ ಒಂದು ಸಂಗತಿ ಹೇಳಬೇಕು. ಆ ರೋಡ್ಸ್ ವಿದ್ಯಾರ್ಥಿವೇತನವನ್ನು ಆಗ ಹೆಣ್ಣುಮಕ್ಕಳಿಗೆ ಕೊಡುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದ ನಡೆದುಬಂದ ಆ ಏರ್ಪಾಟಿನ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು 1977ರಲ್ಲಿ. ಕಾರ್ನಾಡರಷ್ಟೇ ಜಾಣೆಯಾದ ಹುಡುಗಿಯೊಬ್ಬಳು 1960ರಲ್ಲಿ ಧಾರವಾಡದಲ್ಲಿ ಇದ್ದಿದ್ದರೆ, ಮನೆಯವರು ಮನಸ್ಸು ಮಾಡಿ ಕಳಿಸಲು ಸಿದ್ಧರಿದ್ದರೂ, ಅಲ್ಲಿ ಬೀಗ ಇತ್ತು. ಬೀಗ ನಮ್ಮ ಮನೆಗಳಲ್ಲಿ ಮಾತ್ರ ಇತ್ತೆಂದು ತಿಳಿಯಬಾರದು.

ಬೀಗವೆಂದ ಕೂಡಲೆ 'ನಾಗಮಂಡಲ'ದ ರಾಣಿ ಎದುರಿಗೆ ಬರುತ್ತಾಳೆ. ಕಾರ್ನಾಡರು 1987-88ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದಾಗ ಬರೆದ ನಾಟಕ ಇದು. ಮೊದಲು ರಂಗಕ್ಕೆ ಬಂದದ್ದೂ ಅಲ್ಲಿಯ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ, ಇಂಗ್ಲಿಷಿನಲ್ಲಿ. 1993ರಲ್ಲಿ ಮಿನಿಯಾಪೊಲಿಸ್ ನಗರದ ಗಥ್ರಿ ಥಿಯೇಟರ್ ಕೂಡ ಅದನ್ನು ಆಡಿತು. ಇದರ ಕಥೆ ಬಂದದ್ದು ಎಲ್ಲಿಂದ? ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮೈಸೂರಿನ ಎ.ಕೆ. ರಾಮಾನುಜನ್ ಅವರಿಂದ. ಅವರಿಗೆ ಬಂದದ್ದು ನಮ್ಮ ನಾಡಿನ ಮನೆಗಳಲ್ಲಿ ಕಥೆ ಹೇಳುವವರ ಬಾಯಿಂದ. ತರುಣರಾಗಿದ್ದಾಗ ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ರಾಮಾನುಜನ್ ಆ ಸೀಮೆಯ ಕಥೆಗಳನ್ನು ಕೂಡಿಹಾಕಿದ್ದರು. ಅಂದರೆ ಮಕ್ಕಳಿಗೆ ಕೈತುತ್ತು ಹಾಕುತ್ತ ಅಜ್ಜಿಯರು ಹೇಳುವ ಜಾತಿಯ ಕಥೆ ಬೆಳಗಾವಿ ಸೀಮೆಯಿಂದ ಶಿಕಾಗೋಕ್ಕೆ ಹೋಗಿ, ನಾಟಕವಾಗಿ ನಮ್ಮ ಬಳಿಗೇ ಮರಳಿತು. ಹೇಳಿದ ಅಜ್ಜಿಯರ ಹೆಸರು ಮಾತ್ರ ನಮಗೆ ಗೊತ್ತಿಲ್ಲ.

ನಾಟಕದ ಆರಂಭದಲ್ಲಿ ಒಂದು ಚೆಂದದ ಕಲ್ಪನೆ ಇದೆ. ರಾತ್ರಿ ಊರ ದೀಪಗಳನ್ನು ಆರಿಸಿದ ಮೇಲೆ ಆ ಜ್ಯೋತಿಗಳೆಲ್ಲ ಪಾಳುಗುಡಿಯಲ್ಲಿ ಕೂಡಿ ಮಾತಾಡುತ್ತವೆ. ಯಾರಿಗೂ ಹೇಳದೆ ಮುದುಕಿಯೊಬ್ಬಳು ಬಾಯಲ್ಲಿಟ್ಟುಕೊಂಡ ಕಥೆ ಸೀರೆಯುಟ್ಟ ಹೆಣ್ಣಾಗಿ ಹೊರಬೀಳುತ್ತದೆ. ಕಥೆಯನ್ನು ಒಳಗೇ ಕೂಡಿಹಾಕಿದರೆ ಅದು ಸುಮ್ಮನಿರುವುದಿಲ್ಲ ಎಂಬ ಈ ತಿಳಿವು ಹೆಂಗಸರದು. ಅದನ್ನು ಇಷ್ಟು ನಯವಾಗಿ ರಂಗಕ್ಕೆ ತಂದದ್ದಕ್ಕೆ ಕಾರ್ನಾಡರಿಗೆ ನಾವು ಋಣಿಗಳು. ಗಂಡ ಅಪ್ಪಣ್ಣ ಹೆಂಡತಿಯನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಹೋಗುವುದು, ರಾತ್ರಿ ಅವನದೇ ರೂಪದಲ್ಲಿ ನಾಗಪ್ಪ ಬಂದು ಪ್ರೀತಿಯ ಮಾತಾಡುವುದು, ಹಗಲಿನ ಗಂಡ ಬೇರೆ ರಾತ್ರಿಯ ಗಂಡ ಬೇರೆ ಎಂದು ರಾಣಿ ಗೊಂದಲಪಡುವುದು, ಇದನ್ನು ನೋಡಿ ಒಳಗೊಳಗೇ ತಲೆಯಾಡಿಸದ ಗೃಹಿಣಿ ಯಾವ ಊರಿನಲ್ಲಿದ್ದಾಳೆ?

ಕೊನೆಯ ಭಾಗಕ್ಕೆ ಬಂದಾಗ ಮಾತ್ರ ನನ್ನ ತಕರಾರು ಇದೆ. ರಾಣಿ ಬಸುರಿಯಾಗುತ್ತಾಳೆ, ಪಂಚಾಯ್ತಿ ಸೇರುತ್ತದೆ, ಅವಳು ಹುತ್ತಕ್ಕೆ ಕೈ ಹಾಕಿ ಸರ್ಪವನ್ನು ಹಿಡಿದು ಪ್ರಮಾಣ ಮಾಡುತ್ತಾಳೆ, ಸರ್ಪ ಅವಳ ತಲೆಯ ಮೇಲೆ ಹೆಡೆ ಬಿಚ್ಚುತ್ತದೆ, ಜನ ದೇವಿಯೆಂದು ಕಾಲಿಗೆ ಬೀಳುತ್ತಾರೆ. ಬೀಗ ಹಾಕಿದ ಅಪ್ಪಣ್ಣನನ್ನು ಯಾರೂ ಹುತ್ತದ ಮುಂದೆ ನಿಲ್ಲಿಸುವುದಿಲ್ಲ. ಈ ವ್ಯಂಗ್ಯ ನಾಟಕಕಾರರಿಗೆ ತಿಳಿಯದ್ದೇನೂ ಅಲ್ಲ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಹೆಂಗಸು. ಅಪ್ಪಣ್ಣ ದಿನವೂ ಹೋಗುತ್ತಿದ್ದ ಆ ಹೊರಗಿನ ಹೆಣ್ಣಿಗೆ ನಾಟಕದಲ್ಲಿ ಹೆಸರೂ ಇಲ್ಲ. ಕೊನೆಗೆ ಅವಳು ರಾಣಿಯ ಮನೆಯ ಚಾಕರಿಗೆ ನಿಂತಳೆಂದು ಕಥೆ ಒಂದು ಮಾತಿನಲ್ಲಿ ಮುಗಿಸಿಬಿಡುತ್ತದೆ. ಅವಳದೂ ಒಂದು ಕಥೆ ಇದ್ದೀತು. ಅದನ್ನು ಯಾರು ಹೇಳುವವರು?

ಈ ಪ್ರಶ್ನೆ ನಮ್ಮ ಸೀಮೆಯವರಿಗೆ ಬಹಳ ಹತ್ತಿರದ್ದು. ಈ ಭಾಗದ ರಂಗಭೂಮಿಯನ್ನು ಹೊತ್ತವರಲ್ಲಿ ಇಂಥ 'ಹೊರಗಿನ' ಹೆಣ್ಣುಮಕ್ಕಳೇ ಬಹಳ. ಅನೇಕರು ದೇವದಾಸಿ ಮನೆಗಳಲ್ಲಿ ಹುಟ್ಟಿದವರು. ದೇವರಿಗೆ ಬಿಡುವುದನ್ನು ನಿಷೇಧಿಸಿ 1982ರಲ್ಲಿ ಕಾನೂನು ಬಂತು. ಅದಕ್ಕೂ ಹಿಂದಿನಿಂದ ಸಂಸಾರ ಸಾಕಲು ಬಣ್ಣ ಹಚ್ಚಿದವರು ಇವರು. ಅವರು ಕಲಿತದ್ದು ಎಲ್ಲಿ? ತಾಯಿಯ ಪಕ್ಕದಲ್ಲಿ, ಪೇಟಿಯ ಮುಂದೆ, ಪರದೆಯ ಹಿಂದೆ. ಸಂಜೆ ಬಸ್ಸಿಳಿದು, ಗೊತ್ತಿಲ್ಲದ ಊರಲ್ಲಿ, ಅಂದೇ ಕಂಡ ನಾಯಕನಟನ ಜೊತೆ ಇಡೀ ರಾತ್ರಿ ತಪ್ಪಿಲ್ಲದೆ ಆಡಿ, ಅವನು ಮರೆತ ಮಾತನ್ನೂ ತಾವೇ ಎತ್ತಿಕೊಟ್ಟು ಕಾಪಾಡಿ, ಬೆಳಗಿನ ಬಸ್ಸು ಹಿಡಿಯುವ ವಿದ್ಯೆಯನ್ನು ಯಾವ ವಿಶ್ವವಿದ್ಯಾಲಯ ಕಲಿಸೀತು? 2020ರಲ್ಲಿ ತೀರಿಕೊಂಡ ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ರಂಗಗೀತೆ ಕೇಳಿದವರಿಗೆ ಈ ಮಾತು ಅತಿಯೆನಿಸದು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಕಾಳವ್ವ ಜೋಗತಿಯವರಿಂದ ಕಲಿತು ಕುಣಿದವರು. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆ ಗೌರವ ಬರುವ ತನಕ ನಾವು ಇಂಥವರಿಗೆ ಚಪ್ಪಾಳೆ ತಟ್ಟಿದೆವೇ ಹೊರತು ಮನೆಯೊಳಗೆ ಕರೆದು ಮಣೆ ಹಾಕಿದ್ದು ಕಡಿಮೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎ. ಮುಗಿಸಿ, ಒಂದು ವರ್ಷ ರಂಗತರಬೇತಿ ಪಡೆದು, ಈಗ ಇಂಗ್ಲೆಂಡಿನಲ್ಲಿ ನಾಟಕದ ಎಂ.ಎ.ಗೆ ಅರ್ಜಿ ಹಾಕಬೇಕೆಂದಿದ್ದಾಳೆ. ಅವಳ ತಾಯಿ ಸಂತೆಯಲ್ಲಿ ಸಿಕ್ಕಾಗ ಕೇಳಿದರು: "ನಾಟ್ಕ ಕಲಿಯಾಕ ಅಷ್ಟು ದೂರ ಯಾಕ್ರಿ ಟೀಚರ್? ನಾಟ್ಕದಾಕಿ ಅಂತ ಹೆಸರು ಬಂದ್ರ ನಾಳೆ ಯಾರು ಮಾಡ್ಕೊಂತಾರ್ರಿ ಇಕೀನ?" ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದರಲ್ಲಿ ನಮ್ಮ ಊರಿನ ನೂರು ವರ್ಷದ ಪಾಪ ಇದೆ. "ಯಾರ ನಾಟ್ಕ ನೋಡಿ ನಾವಿಬ್ರೂ ಅತ್ತೀವೋ ಅವರ ಹೆಸರನ್ನ ಬೈಗುಳ ಮಾಡಿದವರು ನಾವೇ ಅಲ್ಲೇನವ್ವ?" ಎಂದೆ. ಅವರು ಏನೂ ಹೇಳಲಿಲ್ಲ, ಚೀಲದ ತರಕಾರಿ ಸರಿಮಾಡಿಕೊಂಡು ಹೊರಟರು.

ಹಣದ ಕಷ್ಟವನ್ನು ನಾನು ಹಗುರವಾಗಿ ನೋಡುವುದಿಲ್ಲ. ಹೊರದೇಶದ ವಿದ್ಯಾರ್ಥಿಗಳಿಗೆ ಅಲ್ಲಿ ಶುಲ್ಕ ಹೆಚ್ಚು. ಕಾಮನ್‌ವೆಲ್ತ್, ಫುಲ್‌ಬ್ರೈಟ್, ಚಾರ್ಲ್ಸ್ ವ್ಯಾಲೆಸ್ ಮುಂತಾದ ನೆರವುಗಳಿವೆ; ಪೈಪೋಟಿಯೂ ಇದೆ. ಸಾಲ ಮಾಡಿ ಹೊಲ ಮಾರಿ ಹೋಗೆಂದು ನಾನು ಯಾರಿಗೂ ಹೇಳಲಾರೆ. ಹೆಗ್ಗೋಡು ಇದೆ, ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ. ಎಂ.ಪಿ. ಪ್ರಕಾಶರು ಹಡಗಲಿಯಲ್ಲಿ ಕಟ್ಟಿದ ರಂಗಭಾರತಿ ಈ ಸೀಮೆಯಲ್ಲಿಯೂ ಹೊಸ ನಾಟಕದ ರುಚಿ ಬೆಳೆಯಬಲ್ಲದೆಂದು ತೋರಿಸಿತು. ದೂರ ಹೋಗಲಾಗದವರಿಗೆ ವಿದ್ಯೆಯೇ ಇಲ್ಲವೆಂದಲ್ಲ.

ಆದರೆ ಹೋಗಬಲ್ಲ ಹೆಣ್ಣುಮಗಳನ್ನು ತಡೆಯಬಾರದು. ಹೋದ ಗಂಡಸರು ಬುತ್ತಿ ತುಂಬಿಕೊಂಡು ಬಂದಿದ್ದಾರೆ: ಕೈಲಾಸಂ ನಡುಮನೆಯನ್ನು, ಅಕ್ಷರ ಹಳ್ಳಿಗೊಂದು ಪಾಠಶಾಲೆಯ ಬಲವನ್ನು, ಕಾರ್ನಾಡರು ಅಜ್ಜಿಯ ಕಥೆಯನ್ನು. ಆ ಹೆಸರಿಲ್ಲದ ಹೆಂಗಸಿನ ಕಥೆ ಇನ್ನೂ ಬರಬೇಕಾಗಿದೆ. ಅದನ್ನು ತರಲು ನಮ್ಮ ಕೂಡ್ಲಿಗಿಯ ಹುಡುಗಿಗಿಂತ ತಕ್ಕವರು ಯಾರು? ಅರ್ಜಿ ಹಾಕುವ ಮೊದಲು ಅವಳು ಮಾಡಬೇಕಾದ ಒಂದು ಕೆಲಸವಿದೆ. ನಮ್ಮ ಓಣಿಗಳಲ್ಲಿಯೇ ಮುದುಕಿಯರಾಗಿ ಕೂತಿರುವ ಕಲಾವಿದೆಯರ ಬಳಿ ಒಂದು ನೋಟುಬುಕ್ಕು ಹಿಡಿದು ಹೋಗಿ, ಅವರು ಆಡಿದ ಪಾತ್ರ, ಹಾಡಿದ ಹಾಡು, ಉಂಡ ಕಷ್ಟ ಎಲ್ಲವನ್ನೂ ಬರೆದುಕೊಳ್ಳಬೇಕು, ಹೇಳಿದವರ ಹೆಸರನ್ನು ಮೇಲೆ ದಪ್ಪಕ್ಷರದಲ್ಲಿ ಬರೆದು.