ಕೈ ನಡುಗುವ ಕ್ಯಾಮೆರಾ

2013ರ ನವೆಂಬರ್‌ನಲ್ಲಿ ತೆರೆಕಂಡ ‘6-5=2’ ನೋಡಿ ಬಂದವರು ಕೇಳುತ್ತಿದ್ದ ಪ್ರಶ್ನೆ, ‘ಇದು ನಿಜವಾಗ್ಲೂ ನಡೆದದ್ದಾ?’ ನಿರ್ದೇಶಕ ಕೆ.ಎಸ್. ಅಶೋಕ ಅವರಿಗೆ ಇದಕ್ಕಿಂತ ದೊಡ್ಡ ಶಹಬ್ಬಾಸ್ ಬೇಕಿಲ್ಲ. ದೊಡ್ಡ ತಾರೆಯರಿಲ್ಲ, ಹಾಡಿಲ್ಲ. ಚಾರಣಕ್ಕೆ ಹೊರಟ ಆರು ಮಂದಿ ಗೆಳೆಯರು, ಪಶ್ಚಿಮ ಘಟ್ಟದ ಕಾಡು, ಅವರದೇ ಕೈಯಲ್ಲೊಂದು ಕ್ಯಾಮೆರಾ.

ಆ ಕ್ಯಾಮೆರಾದ ಅಡ್ಡಾದಿಡ್ಡಿತನದಲ್ಲೇ ಕಸುಬು ಅಡಗಿದೆ. ಹಿಡಿದವನು ಏದುಸಿರು ಬಿಟ್ಟರೆ ಚಿತ್ರವೂ ಏಳುತ್ತದೆ, ಬೀಳುತ್ತದೆ. ಅವನು ಓಡಿದರೆ ನಮಗೆ ಕಾಣುವುದು ನೆಲ, ತರಗೆಲೆ, ಯಾರದೋ ಕಾಲು. ಕತ್ತಲಲ್ಲಿ ದೀಪ ಮುಟ್ಟುವಷ್ಟೇ ಜಗತ್ತು. ಅದರಾಚೆ ಏನಿದೆಯೋ ಎಂದು ನೋಡುಗ ತಾನೇ ಊಹಿಸಿಕೊಂಡು ಬೆವರುತ್ತಾನೆ. ತೋರಿಸದೆ ಉಳಿಸಿಕೊಂಡದ್ದೇ ಜಾಣ್ಮೆ. ಕಡಿಮೆ ಬಂಡವಾಳವೇ ಇಲ್ಲಿ ಬಲವಾಗಿ ನಿಂತಿದೆ.

1999ರ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ತುಳಿದ ದಾರಿ ಇದು, ನಿಜ. ಹಾಗೆಂದು ನಕಲು ಎಂದರೆ ನಾನು ಒಪ್ಪುವುದಿಲ್ಲ. ಆ ಕಾಲೆಳೆದಾಟ, ಸುಸ್ತಾದಾಗಿನ ಸಿಡುಕು, ದಾರಿ ತಪ್ಪಿದ ಮೇಲಿನ ಜಗಳ ಅಪ್ಪಟ ನಮ್ಮ ಹುಡುಗರದು. ದಂಡಿಗನಹಳ್ಳಿ ಕಡೆಯ ನಮಗೆ ಆ ಘಟ್ಟವೇನೂ ಪರದೇಶವಲ್ಲ. ಹಾಸನ ದಾಟಿ ಸಕಲೇಶಪುರಕ್ಕೆ ಹೋದರೆ ಅದೇ ಕಾಡು. ರಾತ್ರಿ ಕರೆಂಟು ಬಂದಾಗ ತೆಂಗಿನ ತೋಟಕ್ಕೆ ನೀರು ಬಿಡಲು ಹೋಗುವವರಿಗೆ ಬ್ಯಾಟರಿ ಬೆಳಕಿನಾಚೆ ಸರಕ್ಕನೆ ಏನೋ ಸರಿದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಈ ಚಿತ್ರಕ್ಕೆ ಆ ಭಯದ ಪರಿಚಯ ಚೆನ್ನಾಗಿದೆ.

ಮರುವರ್ಷವೇ ಇದು ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು. ನೀವು ಮಾತ್ರ ಮೊದಲು ಕನ್ನಡದ್ದನ್ನೇ ನೋಡಿ.